ಬಾಯಿ ಬಿಡಬಾರದ ಪ್ರತಿನಿಧಿ

ಎಲ್ಲ ಫಜೀತಿಗೂ ಮೂಲ ಅಧ್ಯಕ್ಷೆಯ ಒಂದು ದವಡೆ ಹಲ್ಲು. ಗ್ರಾಮೀಣ ಮಹಿಳಾ ಸಂಘಗಳ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಊರಿನ ಸಂಘದ ಪರವಾಗಿ ಆಕೆ ಹೊರಡಬೇಕಾಗಿದ್ದ ದಿನ ಬೆಳಗ್ಗೆಯೇ ಅದು ಕೈಕೊಟ್ಟಿತು. ಎಡಗೆನ್ನೆ ಊದಿಕೊಂಡು ಕಣ್ಣನ್ನೇ ಮುಚ್ಚಿಸಿಬಿಟ್ಟಿತ್ತು. ಬಲಗಡೆಯಿಂದ ನೋಡಿದರೆ ಅಧ್ಯಕ್ಷೆ, ಎಡಗಡೆಯಿಂದ ನೋಡಿದರೆ ಹತ್ತಿ ಹೆಚ್ಚಾಗಿ ತುಂಬಿದ ದಿಂಬು. ಬಾಯಿಂದ 'ಊಂ' ಎನ್ನುವುದನ್ನು ಬಿಟ್ಟು ಬೇರೇನೂ ಹೊರಡುತ್ತಿರಲಿಲ್ಲ. ಹಾಗೆ ನೋಡಿದರೆ, ಹಲ್ಲು ನೆಟ್ಟಗಿದ್ದಾಗಲೂ ಗಂಡನ ಮುಂದೆ ಆಕೆ ಹೇಳುತ್ತಿದ್ದದ್ದು ಅಷ್ಟೇ.

ಆ ಗಂಡನನ್ನು ಊರವರು ಸಿಮೆಂಟ್ ಯಜಮಾನರು ಎಂದು ಕರೆಯುತ್ತಿದ್ದರು. ಬಸ್ ನಿಲ್ದಾಣದ ಪಕ್ಕದ ಸಿಮೆಂಟ್ ಅಂಗಡಿ ಅವರದ್ದು. ಮಹಿಳಾ ಸಂಘದ ಹಿಟ್ಟಿನ ಗಿರಣಿ ನಡೆಯುತ್ತಿದ್ದ ಕೋಣೆಯೂ ಅವರದ್ದೇ. ಅಧ್ಯಕ್ಷೆ ತನ್ನ ಹೆಂಡತಿ, ಆದ್ದರಿಂದ ಸಂಘವೂ ತನ್ನದೇ ಎಂದು ಅವರು ಯಾರನ್ನೂ ಕೇಳದೆ ತೀರ್ಮಾನಿಸಿಕೊಂಡಿದ್ದರು.

ಹೆಂಡತಿಯ ಬದಲಿಗೆ ಯಾರನ್ನಾದರೂ ಕಳಿಸಲು ಯಜಮಾನರು ಮನೆಮನೆಗೆ ಅಲೆದರು. ಒಬ್ಬಳಿಗೆ ವ್ಯಾನು ಹತ್ತಿದರೆ ವಾಂತಿ. ಇನ್ನೊಬ್ಬಳ ಹಸು ಇವತ್ತೋ ನಾಳೆಯೋ ಈಯುವುದರಲ್ಲಿತ್ತು. ಮತ್ತೊಬ್ಬಳ ಗಂಡ, ವಿಷಯ ಏನೆಂದು ಕೇಳುವ ಮೊದಲೇ ಬೇಡ ಎಂದುಬಿಟ್ಟ. ತನ್ನ ಹೆಸರು ಕಾರ್ಯದರ್ಶಿಯೆಂದು ಹೋಗಿಯಾಗಿದೆ, ಅಧ್ಯಕ್ಷೆಯೆಂದು ಯಾರೂ ಹೋಗದಿದ್ದರೆ ಮುಂದೆ ಯಾವ ಸಮ್ಮೇಳನಕ್ಕೂ ಕರೆ ಬರುವುದಿಲ್ಲ, ಸರಕಾರದ ಸವಲತ್ತೂ ನಿಂತುಹೋಗಬಹುದು ಎಂದು ಸಂಘದ ಕಾರ್ಯದರ್ಶಿ ಹಿಂದೆ ಹಿಂದೆ ಓಡುತ್ತ ನೆನಪಿಸುತ್ತಿದ್ದಳು. ಕೊನೆಗೆ ಇಬ್ಬರೂ ಏದುಸಿರು ಬಿಡುತ್ತ ಬಂದು ನಿಂತದ್ದು ಗಿರಣಿಯ ಬಾಗಿಲಲ್ಲಿ.

ಗಿರಣಿಯನ್ನು ನಡೆಸುತ್ತಿದ್ದವಳು ಗಿರಣಿಯಕ್ಕ. ಅವಳ ಗಂಡ ಲಾರಿ ಓಡಿಸುತ್ತ ಊರೂರು ತಿರುಗುವವನು. ಮನೆಯಲ್ಲಿ ಇವಳು ಮತ್ತು ಅತ್ತೆ ಇಬ್ಬರೇ. ಹುಬ್ಬಿನ ಮೇಲೆ ಸದಾ ಹಿಟ್ಟು ಕೂತಿರುತ್ತಿದ್ದುದರಿಂದ ಅವಳಿಗೆ ಎಷ್ಟು ವಯಸ್ಸೆಂದು ಯಾರಿಗೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಇಷ್ಟು ವರ್ಷ ಯಂತ್ರದ ಗದ್ದಲದ ಮೇಲೆ ಮಾತಾಡಿ ಮಾತಾಡಿ ಅವಳ ಗಂಟಲಿಗೆ ಒಂದೇ ಅಳತೆ ಉಳಿದಿತ್ತು. ಯಾರದಾದರೂ ಗುಟ್ಟನ್ನು ಅವಳು ಪಿಸುಗುಟ್ಟಿದರೆ ಆಚೆ ಬೀದಿಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದರು.

ಅವಳಿಗೂ ಯಜಮಾನರಿಗೂ ಆಗಲೇ ಮುಖ ಕೆಟ್ಟಿತ್ತು. ತಿಂಗಳ ಕೊನೆಗೆ ಕೋಣೆ ಖಾಲಿಯಾಗಬೇಕು, ಅಲ್ಲಿ ಸಿಮೆಂಟ್ ಮೂಟೆ ಇಡಬೇಕು ಎಂದು ಅವರು ಹಿಂದಿನ ವಾರವಷ್ಟೇ ಹೇಳಿ ಹೋಗಿದ್ದರು. ಗಿರಣಿಯನ್ನು ಎಲ್ಲಿಗೆ ಒಯ್ಯಬೇಕು ಎಂದು ಕೇಳಿದ್ದಕ್ಕೆ, ಅದು ನಿನ್ನ ತಲೆನೋವು ಎಂದಿದ್ದರು. ಸಂಘದ ಸಭೆಯಲ್ಲಿ ಮಾತು ಎತ್ತಿದಾಗ ಅಧ್ಯಕ್ಷೆ ಕಿಟಕಿಯಾಚೆ ನೋಡುತ್ತ ಕೂತಿದ್ದಳು.

ಈಗ ಅದೇ ಯಜಮಾನರು ಸಕ್ಕರೆ ಮೆತ್ತಿದ ದನಿಯಲ್ಲಿ ಶುರು ಮಾಡಿದರು.

"ನೋಡಮ್ಮ, ನನ್ನ ಹೆಂಡತಿ ಬದಲಿಗೆ ನೀನು ಹೋಗಿ ಬಾ. ಹೆಸರು ಬದಲಾಯಿಸೋಕೆಲ್ಲ ಈಗ ಟೈಮಿಲ್ಲ. ಅಲ್ಲಿ ಯಾರಿಗೆ ಯಾರ ಮುಖ ಗೊತ್ತು? ಹೋಗು, ಕೂರು, ನಗು, ಬಾ. ಬಾಯಿ ಮಾತ್ರ ಬಿಡಬೇಡ."

"ಮತ್ತೆ ಕೋಣೆ?" ಎಂದಳು ಗಿರಣಿಯಕ್ಕ.

"ನೀನು ಬಾಯಿ ಬಿಡದೆ ವಾಪಸ್ ಬಂದ್ರೆ ಕೋಣೆ ವಿಷಯ ನೋಡೋಣ."

ಗಿರಣಿಯಕ್ಕ ಯಂತ್ರ ನಿಲ್ಲಿಸಿದಳು. ಒಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಗಿರಣಿ ಉಳಿಯುತ್ತದೆ ಎಂದರೆ ತುಟಿಗೆ ಹೊಲಿಗೆ ಹಾಕಿಕೊಳ್ಳಲೂ ಅವಳು ಸಿದ್ಧಳಿದ್ದಳು. ಮೂರು ಹಳ್ಳಿಯ ಹೆಂಗಸರಿಗೆ ಇದ್ದದ್ದು ಅದೊಂದೇ ಗಿರಣಿ. ಆದರೆ "ನೋಡೋಣ" ಎಂಬ ಮಾತು ಅವಳಿಗೆ ಹಿಡಿಸಲಿಲ್ಲ. ಯಜಮಾನರು ಈವರೆಗೆ ನೋಡೋಣ ಎಂದದ್ದನ್ನು ಯಾವುದನ್ನೂ ನೋಡಿರಲಿಲ್ಲ.

ಅವಳು ಒಪ್ಪಿದಳೆಂದು ತಿಳಿಯುತ್ತಲೇ ಬೀದಿಯೇ ಮೇಲೆ ಬಿತ್ತು. ಕಾರ್ಯದರ್ಶಿ ಒಂದು ಶಾಲು ತಂದು ಹೊದಿಸಿದಳು. ಎದುರುಮನೆ ಚಿಕ್ಕಮ್ಮ ತನ್ನ ಮಗಳ ಎತ್ತರದ ಹಿಮ್ಮಡಿಯ ಚಪ್ಪಲಿ ತಂದು, ಕಾಲು ಅದರೊಳಗೆ ಹೋಗುವುದಿಲ್ಲ ಎಂದು ಎಲ್ಲರಿಗೂ ಕಾಣುತ್ತಿದ್ದರೂ, ಮೂಟೆಗೆ ಹಿಟ್ಟು ಜಡಿಯುವ ಹಾಗೆ ತುರುಕಿದಳು. ಇನ್ನೊಬ್ಬಳು ಕೊಟ್ಟ ಕೈಚೀಲ ಎಷ್ಟು ದೊಡ್ಡದಿತ್ತೆಂದರೆ ಅದರಲ್ಲಿ ಇನ್ನೊಬ್ಬ ಪ್ರತಿನಿಧಿಯನ್ನು ಕೂರಿಸಿಕೊಂಡು ಹೋಗಬಹುದಿತ್ತು. ಹುಬ್ಬಿನ ಹಿಟ್ಟನ್ನು ಒರೆಸಲು ನಾಲ್ಕು ಕೈ ಒಟ್ಟಿಗೆ ಬಂದವು. ಅತ್ತೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಸೊಸೆ ವ್ಯಾನು ಹತ್ತುವಾಗ ಒಂದೇ ಮಾತು ಹೇಳಿದಳು: "ಊಟ ಸರಿಯಾಗಿ ಮಾಡು. ಸುಮ್ಮನಿರೋದು ನಿನ್ನ ಕೈಲಿ ಆಗಲ್ಲ ಅಂತ ನಂಗೊತ್ತು. ಹೊಟ್ಟೆ ತುಂಬಿದ್ರೆ ಸ್ವಲ್ಪ ತಡಿಯುತ್ತೆ."

ದಾರಿಯುದ್ದಕ್ಕೂ ಕಾರ್ಯದರ್ಶಿ ಪಾಠ ಹೇಳಿದಳು. ಯಾರಾದರೂ ಮಾತಾಡಿಸಿದರೆ ತಲೆಯಾಡಿಸಬೇಕು. ಎಲ್ಲರೂ ಚಪ್ಪಾಳೆ ತಟ್ಟಿದರೆ ತಟ್ಟಬೇಕು. ಯಾರಾದರೂ ಏನಾದರೂ ಕೇಳಿದರೆ ಕೆಮ್ಮಬೇಕು, ಉಳಿದದ್ದನ್ನು ತಾನು ನೋಡಿಕೊಳ್ಳುತ್ತೇನೆ. ಗಿರಣಿಯಕ್ಕ ಅಭ್ಯಾಸಕ್ಕೆಂದು ಒಮ್ಮೆ ಕೆಮ್ಮಿದಳು. ಚಾಲಕ ಗಾಬರಿಯಾಗಿ ವ್ಯಾನನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ.

ಸಮ್ಮೇಳನ ನಡೆಯುತ್ತಿದ್ದದ್ದು ನಗರದ ಒಂದು ದೊಡ್ಡ ಹೋಟೆಲಿನಲ್ಲಿ. ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ನೆಲ ಎಷ್ಟು ನುಣುಪಾಗಿತ್ತೆಂದರೆ ಗಿರಣಿಯಕ್ಕ ಎದುರುಮನೆ ಚಿಕ್ಕಮ್ಮನ ಮಗಳ ಚಪ್ಪಲಿಯಲ್ಲಿ ನಡೆಯಲಿಲ್ಲ, ಕಾರ್ಯದರ್ಶಿಯ ತೋಳು ಹಿಡಿದು ತೇಲಿದಳು. ಒಳಗೆ ಮೇಜಿನ ಹಿಂದಿದ್ದ ಹುಡುಗಿ ಅವಳ ಎದೆಗೊಂದು ಬಿಲ್ಲೆ ಚುಚ್ಚಿದಳು. ಅದರ ಮೇಲೆ ದಪ್ಪಕ್ಷರದಲ್ಲಿ 'ಅಧ್ಯಕ್ಷೆ' ಎಂದಿತ್ತು.

"ನಾನು ಅಧ್ಯಕ್ಷೆ ಅಲ್ಲಮ್ಮ," ಎಂದಳು ಗಿರಣಿಯಕ್ಕ, ತನ್ನ ಲೆಕ್ಕದಲ್ಲಿ ಮೆಲ್ಲಗೆ.

ಮಹಡಿಯ ಮೆಟ್ಟಿಲ ಮೇಲಿದ್ದವರೂ ತಿರುಗಿ ನೋಡಿದರು. ಕಾರ್ಯದರ್ಶಿ ಅವಳ ಕಾಲು ತುಳಿದಳು. ಚಪ್ಪಲಿಯ ಬಿಗಿಗೆ ಮೊದಲೇ ಜೀವ ಹೋಗುತ್ತಿದ್ದ ಕಾಲು. ಗಿರಣಿಯಕ್ಕನ ಕಣ್ಣಲ್ಲಿ ನೀರು ಬಂತು. ಅಧ್ಯಕ್ಷೆಯವರಿಗೆ ಪ್ರಯಾಣದ ಆಯಾಸ, ಏನೇನೋ ಹೇಳುತ್ತಾರೆ ಎಂದು ಕಾರ್ಯದರ್ಶಿ ನಕ್ಕಳು. ಹುಡುಗಿ ಕನಿಕರದಿಂದ ಒಂದು ಬಾಟಲಿ ನೀರು ಕೊಟ್ಟಳು.

ಸಭಾಂಗಣದಲ್ಲಿ ನಾನಾ ದೇಶದ ಹೆಂಗಸರಿದ್ದರು. ಗಿರಣಿಯಕ್ಕನ ಪಕ್ಕದ ಕುರ್ಚಿಯಲ್ಲಿ ಮೊಣಕಾಲಿನವರೆಗೆ ಬೂಟು ಹಾಕಿಕೊಂಡ ಎತ್ತರದ ಹೆಂಗಸೊಬ್ಬಳು ಕೂತಿದ್ದಳು. ಆಕೆ ಎರಡೂ ಕೈಯಿಂದ ತಲೆಯ ಮೇಲೆ ಕೊಂಬು ಮಾಡಿ ತೋರಿಸಿ, ಬ್ಯಾ ಎಂದು ತಾನು ಕುರಿ ಸಾಕುವವಳೆಂದು ತಿಳಿಸಿದಳು. ಗಿರಣಿಯಕ್ಕ ಒಂದು ಮುಷ್ಟಿಯ ಮೇಲೆ ಇನ್ನೊಂದು ಮುಷ್ಟಿ ಇಟ್ಟು ಗರಗರ ತಿರುಗಿಸಿದಳು. ಕುರಿಯವಳು ಅವಳ ಅಂಗೈಯನ್ನು ಹಿಡಿದು, ತನ್ನದರ ಪಕ್ಕದಲ್ಲಿಟ್ಟು, ಯಾರ ಕೈ ಹೆಚ್ಚು ಒರಟೆಂದು ನೋಡಿ, ಸೋತೆನೆಂಬಂತೆ ತಲೆ ಬಾಗಿಸಿದಳು. ಬೆಳಗ್ಗೆಯಿಂದ ಗಿರಣಿಯಕ್ಕನಿಗೆ ಒಪ್ಪಿಗೆಯಾದ ಮೊದಲ ಮಾತುಕತೆ ಅದು.

ಎಲ್ಲರ ಕಿವಿಗೂ ಒಂದೊಂದು ಕಿವಿಯಂತ್ರ. ವೇದಿಕೆಯಲ್ಲಿ ಯಾರು ಯಾವ ಭಾಷೆಯಲ್ಲಿ ಮಾತಾಡಿದರೂ ಗಾಜಿನ ಗೂಡಿನೊಳಗೆ ಕೂತ ಅನುವಾದಕಿಯರು ಅದನ್ನು ಅವರವರ ಭಾಷೆಗೆ ತಿರುಗಿಸಿ ಕಿವಿಗೆ ಹಾಕುತ್ತಿದ್ದರು. ತಜ್ಞರೊಬ್ಬರು 'ಗ್ರಾಮೀಣ ಮಹಿಳೆಯ ದನಿ' ಎಂಬ ವಿಷಯದ ಮೇಲೆ ಬಹಳ ಹೊತ್ತಿನಿಂದ ಮಾತಾಡುತ್ತಿದ್ದರು. ಹಿಂದಿನ ಪರದೆಯ ಮೇಲೆ ಒಂದೊಂದೇ ಚಿತ್ರ ಬರುತ್ತಿತ್ತು. ಬಿಂದಿಗೆ ಹಿಡಿದ ಕೈ. ಕುಡುಗೋಲು ಹಿಡಿದ ಕೈ. ಕಾಳು ತುಂಬಿದ ಬೊಗಸೆ. ಎಲ್ಲವೂ ಮಣಿಕಟ್ಟಿನ ಹತ್ತಿರ ಮುಗಿದುಹೋಗುತ್ತಿದ್ದವು.

ಗಿರಣಿಯಕ್ಕ ತಡೆದಳು. ನೀರು ಕುಡಿದು ತಡೆದಳು, ಶಾಲಿನ ತುದಿ ಕಚ್ಚಿ ತಡೆದಳು. ಕೊನೆಗೆ ಆಗದೆ ಕಾರ್ಯದರ್ಶಿಯ ಕಿವಿಗೆ ಬಾಗಿ ಕೇಳಿದಳು:

"ಈ ಕೈಗಳಿಗೆಲ್ಲ ತಲೆ ಇಲ್ವಾ?"

ಬಾಗುವಾಗ ಆ ಭಾರಿ ಕೈಚೀಲ ಎದುರಿನ ಮೇಜಿನ ಮೇಲಿದ್ದ ಮೈಕಿನ ಗುಂಡಿಯ ಮೇಲೆ ಕೂತಿತ್ತು. ಮೈಕಿಲ್ಲದೆಯೇ ಗೋಡೆ ದಾಟುವ ದನಿ ಈಗ ಮೈಕಿನೊಳಗೂ ಹೊಕ್ಕಿತು. ಗಾಜಿನ ಗೂಡಿನ ಅನುವಾದಕಿಯರು ಒಟ್ಟಿಗೆ ಬೆಚ್ಚಿ ಕಿವಿಯಿಂದ ಯಂತ್ರ ಕಿತ್ತರು. ಆಮೇಲೆ, ಸಂಬಳ ತಿನ್ನುವವರಲ್ಲವೇ, ಆ ಮಾತನ್ನು ತಮ್ಮ ತಮ್ಮ ಭಾಷೆಯಲ್ಲಿ ಹೇಳಿಯೂಬಿಟ್ಟರು. ಮೊದಲು ನಕ್ಕವಳು ಕುರಿಯವಳು. ಆಮೇಲೆ ಸಾಲುಸಾಲಾಗಿ ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ತಜ್ಞರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಪರದೆಯ ಮೇಲಿನ ಬೊಗಸೆಯನ್ನು ಮೊದಲ ಸಲ ನೋಡುವವರಂತೆ ನೋಡಿದರು.

ಸಭೆಯ ಮುಖ್ಯಸ್ಥೆ ಬೆಳ್ಳಿ ಕೂದಲಿನ ಹಿರಿಯಾಕೆ. ಬಹಳ ಮುಖ್ಯವಾದ ಪ್ರಶ್ನೆ ಬಂದಿದೆ, ಪ್ರಶ್ನೆ ಕೇಳಿದ ಅಧ್ಯಕ್ಷೆ ವೇದಿಕೆಗೆ ಬಂದು ನಾಲ್ಕು ಮಾತು ಆಡಬೇಕು ಎಂದು ಕೇಳಿಕೊಂಡರು.

ಗಿರಣಿಯಕ್ಕ ಕೆಮ್ಮಿದಳು. ಆ ಕೆಮ್ಮಿಗೂ ಚಪ್ಪಾಳೆ ಬಿತ್ತು.

ಅವಳು ವೇದಿಕೆ ಹತ್ತಿದ್ದು ಕುರಿಯವಳು ಹಿಂದಿನಿಂದ ನೂಕಿದ್ದರಿಂದ. ಕಾರ್ಯದರ್ಶಿ ವೇದಿಕೆಯ ಬುಡದಲ್ಲಿ ಕುಕ್ಕರಿಸಿ ಕೂತು, ಹೇಳಿಕೊಟ್ಟಷ್ಟು ಹೇಳಿ ಇಳಿದುಬಿಡುವಂತೆ ಕೈಸನ್ನೆ ಮಾಡಿದಳು. "ಎಲ್ಲರಿಗೂ ನಮಸ್ಕಾರ," ಎಂದು ಪಿಸುಗುಟ್ಟಿದಳು ಕಾರ್ಯದರ್ಶಿ. ಗಿರಣಿಯಕ್ಕ ಹೇಳಿದಳು. ಕರೆಸಿದ್ದಕ್ಕೆ ಸಂತೋಷ. ಅದನ್ನೂ ಹೇಳಿದಳು. ನಮ್ಮ ಸಂಘ ಒಂದು ಗಿರಣಿ ನಡೆಸುತ್ತಿದೆ. ಹೇಳಿದಳು.

"ಅದಕ್ಕೆ ನಮ್ಮ ಅಧ್ಯಕ್ಷೆಯ ಯಜಮಾನರು ದೊಡ್ಡ ಮನಸ್ಸು ಮಾಡಿ ಕೋಣೆಯನ್ನು ಪುಕ್ಕಟೆಯಾಗಿ ಕೊಟ್ಟಿದ್ದಾರೆ," ಎಂದಳು ಕಾರ್ಯದರ್ಶಿ ಕೆಳಗಿನಿಂದ.

ಅದು ಗಿರಣಿಯಕ್ಕನ ಗಂಟಲಲ್ಲಿ ಹೊಟ್ಟಿನ ಹಾಗೆ ಅಂಟಿಕೊಂಡಿತು. ನುಂಗಲು ನೋಡಿದಳು. ಕೋಣೆ ಉಳಿಯಬೇಕಿದ್ದರೆ ಇದೊಂದನ್ನು ಹೇಳಿ ಇಳಿದರೆ ಸಾಕು. ಯಜಮಾನರ ಕಿವಿಗೆ ಬಿದ್ದರೆ ಅವರು ಹಿಗ್ಗುತ್ತಾರೆ. ಕಾರ್ಯದರ್ಶಿ ಅದೇ ವಾಕ್ಯವನ್ನು ಮತ್ತೊಮ್ಮೆ, ಇನ್ನೂ ನಿಧಾನವಾಗಿ, ಮಗುವಿಗೆ ಮದ್ದು ಕುಡಿಸುವಂತೆ ಹೇಳಿದಳು. ಗಿರಣಿಯಕ್ಕ ಕಾಲಿನ ಚಪ್ಪಲಿ ಕಳಚಿ ಬದಿಗಿಟ್ಟಳು. ಬರಿಗಾಲು ನೆಲಕ್ಕೆ ತಾಗಿದ ಮೇಲೆ ಅವಳಿಗೆ ತಾನು ಯಾರೆಂಬುದು ಮರಳಿ ನೆನಪಾಯಿತು.

"ಕೊಟ್ಟಿಲ್ಲ," ಎಂದಳು.

ಗಾಜಿನ ಗೂಡಿನಲ್ಲಿ ಯಂತ್ರಗಳ ದನಿ ತಗ್ಗಿಸಿದ್ದು ಅಲ್ಲಿಂದಲೇ ಕಂಡಿತು.

"ಅಧ್ಯಕ್ಷೆ ಗಂಡ ಗಿರಣಿಗೆ ಕೋಣೆ ಪುಕ್ಕಟೆ ಕೊಟ್ಟಿಲ್ಲ. ಬಾಡಿಗೆ ತಗೊಂಡೇ ಕೊಟ್ಟಿದ್ದು. ಈಗ ಅದನ್ನೂ ಬಿಡಿ ಅಂತಿದ್ದಾರೆ. ಸಿಮೆಂಟ್ ಮೂಟೆ ಇಡಬೇಕಂತೆ. ಅಲ್ಲಿಗೆ ನಾವು ಬರೀ ಹಿಟ್ಟು ಬೀಸಿಸೋಕೆ ಬರೋದು ಅಂತ ಅವರು ಅಂದ್ಕೊಂಡಿದ್ದಾರೆ. ಮನೇಲಿ ಮಾತಾಡಿದ್ರೆ ಗೋಡೆಗೆ ಕಿವಿ, ಬೀದೀಲಿ ಮಾತಾಡಿದ್ರೆ ಊರಿಗೇ ಕಿವಿ. ಗಿರಣಿ ತಿರುಗ್ತಾ ಇದ್ರೆ ಪಕ್ಕದಲ್ಲಿರೋಳಿಗೆ ಬಿಟ್ಟು ಬೇರೆ ಯಾರಿಗೂ ಕೇಳಿಸಲ್ಲ. ನಮ್ಮೂರ ಹೆಣ್ಣುಮಕ್ಕಳು ಗಟ್ಟಿಯಾಗಿ ಮಾತಾಡೋದು, ಗಟ್ಟಿಯಾಗಿ ಅಳೋದು ಅದೊಂದೇ ಕೋಣೇಲಿ. ಅದನ್ನ ಸಿಮೆಂಟಿಗೆ ಕೊಡಲ್ಲ ನಾನು."

ಕಾರ್ಯದರ್ಶಿ ಮುಖ ಮುಚ್ಚಿಕೊಂಡಳು. ಗಿರಣಿಯಕ್ಕ ನಿಲ್ಲಿಸಲಿಲ್ಲ. ಬೆಳಗ್ಗೆಯಿಂದ ಕಟ್ಟಿಹಾಕಿದ್ದು ಒಮ್ಮೆ ಹರಿದ ಮೇಲೆ ಅವಳ ಕೈಯಲ್ಲೂ ಇರಲಿಲ್ಲ. ದೊಡ್ಡ ದೊಡ್ಡ ಹೋಟೆಲಿನಲ್ಲಿ ಹಳ್ಳಿ ಹೆಂಗಸರ ಕೈಯ ಚಿತ್ರ ತೋರಿಸುವವರು ಒಮ್ಮೆಯಾದರೂ ಆ ಕೈಯವಳಿಗೆ ಕೂರಲು ಕುರ್ಚಿ ಕೊಟ್ಟಿದ್ದಾರೆಯೇ ಎಂದು ಕೇಳಿದಳು. ತನ್ನನ್ನು ಇಲ್ಲಿಗೆ ಕಳಿಸಿದ್ದು ಬಾಯಿ ಬಿಡಬೇಡ ಎಂದು ಹೇಳಿಯೇ ಎಂದಳು. ಕೊನೆಗೆ ಅಧ್ಯಕ್ಷೆಯ ವಿಷಯಕ್ಕೆ ಬಂದಳು.

"ನಮ್ಮ ಅಧ್ಯಕ್ಷೆಗೆ ಇದೆಲ್ಲ ಗೊತ್ತು. ಗೊತ್ತಿದ್ದೂ ಗಂಡನ ಮುಂದೆ ಊಂ ಅಂತಾಳೆ. ಕೆಟ್ಟವಳಲ್ಲ, ಹೆದರುಪುಕ್ಕಲಿ. ಹೆದರೋಳು ಆ ಕುರ್ಚಿ ಬಿಡಬೇಕು. ನಾನು ಇದನ್ನ ಅವಳ ಮುಖದ ಮುಂದೇನೇ ಹೇಳ್ತೀನಿ."

ಮಾತು ಮುಗಿಸಿ ಅವಳು ಚಪ್ಪಲಿ ಹುಡುಕತೊಡಗಿದಳು. ಮುಗಿಯಿತು ಕತೆ, ಕೋಣೆಯೂ ಹೋಯಿತು, ಮರ್ಯಾದೆಯೂ ಹೋಯಿತು ಎಂದುಕೊಂಡಳು. ಅಷ್ಟರಲ್ಲಿ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿತು.

ಮುಖ್ಯಸ್ಥೆಯ ಕಣ್ಣು ಒದ್ದೆಯಾಗಿತ್ತು. ಎಷ್ಟೋ ಸಮ್ಮೇಳನ ನೋಡಿದ್ದೇನೆ, ಎಷ್ಟೋ ಅಧ್ಯಕ್ಷೆಯರು ತಮ್ಮನ್ನು ತಾವೇ ಹೊಗಳಿಕೊಂಡಿದ್ದನ್ನು ಕೇಳಿದ್ದೇನೆ ಎಂದು ಅವರು ಶುರು ಮಾಡಿದರು. ತನ್ನ ಗಂಡನ ದಬ್ಬಾಳಿಕೆಯನ್ನು, ತನ್ನ ಪುಕ್ಕಲುತನವನ್ನು, ಬೇರೆ ಯಾರದ್ದೋ ಎಂಬಂತೆ ದೂರ ನಿಂತು ನೋಡಿ, ಲೋಕದ ಮುಂದೆ ಹೀಗೆ ಬಿಚ್ಚಿಟ್ಟ ಅಧ್ಯಕ್ಷೆಯನ್ನು ಇವತ್ತೇ ನೋಡಿದ್ದು ಎಂದರು. ಇದಕ್ಕಿಂತ ದೊಡ್ಡ ಆತ್ಮವಿಮರ್ಶೆ ಉಂಟೇ ಎಂದು ಸಭೆಯನ್ನು ಕೇಳಿದರು. ಇಲ್ಲ ಎಂದು ಸಭೆ ನಾನಾ ಭಾಷೆಯಲ್ಲಿ ಹೇಳಿತು.

ಗಿರಣಿಯಕ್ಕನಿಗೆ ಕಿವಿಯಂತ್ರದಲ್ಲಿ ಇದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದೊಡನೆ ಮೈಕು ಹಿಡಿದಳು.

"ಅಯ್ಯೋ, ನಾನು ಅಧ್ಯಕ್ಷೆ ಅಲ್ಲ. ನಾನು ಗಿರಣಿಯವಳು."

ಅನುವಾದಕಿ ಗದ್ಗದ ಕಂಠದಲ್ಲಿ ಅದನ್ನು ತಿರುಗಿಸಿದಳು. ಸಭೆಯಲ್ಲಿ ಹಲವರು ಕರವಸ್ತ್ರ ಹುಡುಕಿದರು. ಪದವಿಯ ಅಹಂಕಾರವನ್ನು ಕಿತ್ತೆಸೆದು, ತಾನು ಬರಿಯ ಗಿರಣಿಯವಳು ಎನ್ನುವ ಇಂಥ ವಿನಯ ಎಲ್ಲಿ ಸಿಗುತ್ತದೆ ಎಂದು ತಜ್ಞರೇ ಎದ್ದು ನಿಂತು ಹೇಳಿದರು. ಗಿರಣಿಯಕ್ಕ ಸಿಟ್ಟಿನಿಂದ ಎದೆಯ ಬಿಲ್ಲೆ ಕಿತ್ತು ಮೇಜಿನ ಮೇಲೆ ಕುಕ್ಕಿದಳು. ಬೆಳಕು ಚಿಮ್ಮಿಸುತ್ತ ಕ್ಯಾಮೆರಾಗಳು ಮುಗಿಬಿದ್ದವು. ಮರುದಿನದ ಪತ್ರಿಕೆಗಳಿಗೆ ಅದಕ್ಕಿಂತ ಒಳ್ಳೆಯ ಚಿತ್ರ ಸಿಗುವಂತಿರಲಿಲ್ಲ.

ಒಬ್ಬಳು ಮಾತ್ರ, ಯಾವುದೋ ಪತ್ರಿಕೆಯವಳು, ಅನುಮಾನಪಟ್ಟು ಕಾರ್ಯದರ್ಶಿಯ ಹತ್ತಿರ ಬಂದು, ಇವರು ನಿಜವಾಗಿ ನಿಮ್ಮ ಅಧ್ಯಕ್ಷೆಯೇ ಎಂದು ಕೇಳಿದಳು. ಗಿರಣಿಯಕ್ಕ ದೇವರೇ ಎದುರು ಬಂದು ನಿಂತಂತೆ ಆ ಹುಡುಗಿಯನ್ನು ನೋಡಿದಳು. ನಿಜ ಹೇಳಿದರೆ ಬದಲಿ ಆಳನ್ನು ಕಳಿಸಿದ ಮೋಸ ಬಯಲಾಗಿ ಸಂಘದ ಹೆಸರೇ ಅಳಿಸಿಹೋಗುತ್ತದೆ ಎಂಬುದು ಕಾರ್ಯದರ್ಶಿಗೆ ಗೊತ್ತಿತ್ತು.

"ಹೌದು," ಎಂದಳು. "ಇವರೇ ನಮ್ಮ ಅಧ್ಯಕ್ಷೆ. ಯಾವಾಗಲೂ ಹೀಗೇ, ತುಂಬಾ ಸರಳ."

ಊಟದ ಹೊತ್ತಿನಲ್ಲಿ ಕುರಿಯವಳು ಗಿರಣಿಯಕ್ಕನನ್ನು ಅಪ್ಪಿಕೊಂಡು ನೆಲದಿಂದ ಮೇಲೆತ್ತಿದಳು. ತಾನು ಅಧ್ಯಕ್ಷೆಯಲ್ಲ ಎಂದು ಗಿರಣಿಯಕ್ಕ ಅವಳಿಗಾದರೂ ಕೈಸನ್ನೆಯಲ್ಲಿ ತಿಳಿಸಲು ನೋಡಿದಳು. ತಲೆಯ ಮೇಲೆ ಕಿರೀಟ ತೋರಿಸಿ, ಅದನ್ನು ಕಿತ್ತು ಬಿಸಾಡಿದ ಹಾಗೆ ಮಾಡಿ, ಮುಷ್ಟಿ ತಿರುಗಿಸಿದಳು. ಕುರಿಯವಳು ಅದನ್ನು ಪಕ್ಕದವರಿಗೆ ಮಾಡಿ ತೋರಿಸಿದಳು, ಅವರು ಅವರ ಪಕ್ಕದವರಿಗೆ. ಊಟ ಮುಗಿಯುವುದರೊಳಗೆ ಸಮ್ಮೇಳನದ ಹೆಂಗಸರೆಲ್ಲ ಎದುರಾದಾಗ ಒಬ್ಬರಿಗೊಬ್ಬರು ನಮಸ್ಕಾರದ ಬದಲು ಕಿರೀಟ ಕಿತ್ತು ಬಿಸಾಡತೊಡಗಿದ್ದರು.

ವಾಪಸ್ ಬರುವಾಗ ವ್ಯಾನಿನಲ್ಲಿ ಕಾರ್ಯದರ್ಶಿ ಬಿಕ್ಕಿ ಬಿಕ್ಕಿ ಅತ್ತಳು. ವಿಷಯ ಆಗಲೇ ಫೋನಿನಲ್ಲಿ ಊರು ಮುಟ್ಟಿತ್ತು. ಅವಳ ಫೋನು ನಿಂತು ನಿಂತು ಬಡಿದುಕೊಳ್ಳುತ್ತಿತ್ತು, ಎತ್ತಲು ಅವಳಿಗೆ ಧೈರ್ಯವಿರಲಿಲ್ಲ.

"ಯಜಮಾನರು ನನ್ನನ್ನ ಹೂತು ಮೇಲೆ ಸಿಮೆಂಟ್ ಹಾಕ್ತಾರೆ ಅಕ್ಕ."

"ಹಾಕಲಿ ಬಿಡು ತಂಗಿ. ಅವರ ಸಿಮೆಂಟು ಅಷ್ಟು ಗಟ್ಟಿಯಿಲ್ಲ, ನಮ್ಮ ಹಿತ್ತಲ ಕಟ್ಟೆ ಆಗಲೇ ಬಿರುಕು ಬಿಟ್ಟಿದೆ," ಎಂದಳು ಗಿರಣಿಯಕ್ಕ.

ಹಾಗೆಂದಳೇ ಹೊರತು ಅವಳಿಗೂ ಚಿಂತೆ ಬಿಟ್ಟಿರಲಿಲ್ಲ. ಗಿರಣಿ ಹೋದರೆ ಹೆಂಗಸರು ತಲೆಯ ಮೇಲೆ ಕಾಳು ಹೊತ್ತು ಪೇಟೆಯವರೆಗೆ ನಡೆಯಬೇಕು. ಅವರೆಲ್ಲ ತನ್ನನ್ನೇ ಬೈಯುತ್ತಾರೆ. ಅತ್ತೆಗೆ ಏನು ಹೇಳುವುದು? ಆದರೂ ಕಿಟಕಿಗೆ ತಲೆ ಆನಿಸಿ ಮತ್ತೊಮ್ಮೆ ಯೋಚಿಸಿದಾಗ, ಆ ಸುಳ್ಳನ್ನು ಹೇಳಿ ಬಂದಿದ್ದರೆ ಇದಕ್ಕಿಂತ ಹೆಚ್ಚು ಸಂಕಟವಾಗುತ್ತಿತ್ತು ಎನಿಸಿತು. ಹೋದರೆ ಹೋಗಲಿ. ಬಾಗಿಲಿಗೆ ಅಡ್ಡ ಕೂರುತ್ತೇನೆ, ಎತ್ತಿ ಹಾಕಲಿ ನೋಡೋಣ ಎಂದು ಮೈ ಗಟ್ಟಿ ಮಾಡಿಕೊಂಡಳು.

ವ್ಯಾನು ಊರು ಮುಟ್ಟಿದಾಗ ಇನ್ನೂ ಬೆಳಕಿತ್ತು. ಗಿರಣಿಯ ಮುಂದೆ ಜನ ಸೇರಿದ್ದರು. ಮಧ್ಯದಲ್ಲಿ ಸಿಮೆಂಟ್ ಯಜಮಾನರು. ಗಿರಣಿಯಕ್ಕ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಇಳಿದು, ಜನರನ್ನು ಸರಿಸಿಕೊಂಡು ನೆಟ್ಟಗೆ ಹೋಗಿ ಅವರ ಎದುರು ನಿಂತಳು. ಬಾಯಿ ಬಿಟ್ಟದ್ದು ಹೌದು, ನಾಳೆ ಕೇಳಿದರೂ ಅದನ್ನೇ ಹೇಳುವುದು ಎಂದು ಅವಳು ಶುರು ಮಾಡುವ ಮೊದಲೇ ಯಜಮಾನರು ಕೈ ಜೋಡಿಸಿದರು. ಅವರ ಮುಖದಲ್ಲಿ ನಗು ಹಾಲಿನ ಕೆನೆಯಂತೆ ಹರಡಿತ್ತು.

ಸಮ್ಮೇಳನದ ಕಚೇರಿಯಿಂದ ಅವರಿಗೆ ಫೋನು ಬಂದಿತ್ತು. ನಾಡಿದ್ದು ಮುಖ್ಯಸ್ಥೆಯೇ ಪರದೇಶದ ಹೆಂಗಸರನ್ನು ಕರೆದುಕೊಂಡು ಊರಿಗೆ ಬರುತ್ತಿದ್ದಾರೆ. ಅಂಥ ಅಧ್ಯಕ್ಷೆಯನ್ನು, ಆ ಗಿರಣಿಯನ್ನು ಅವರು ಕಣ್ಣಾರೆ ನೋಡಬೇಕಂತೆ. ಗಿರಣಿಗೆ ಹೊಸ ದೊಡ್ಡ ಯಂತ್ರ ಕೊಡುತ್ತಾರಂತೆ. ಹೆಂಡತಿಯ ಮಾತು ಕೇಳಿ ಮನಸ್ಸು ಬದಲಾಯಿಸಿಕೊಂಡ ಗಂಡನೆಂದು ತನ್ನದೂ ಒಂದು ಫೋಟೋ ತೆಗೆಯುತ್ತಾರಂತೆ. ಆದ್ದರಿಂದ ಸಿಮೆಂಟ್ ಮೂಟೆಗೆ ಬೇರೆ ಜಾಗ ನೋಡಿದ್ದೇನೆ, ಕೋಣೆ ಗಿರಣಿಗೇ ಎಂದು ಯಜಮಾನರು ಘೋಷಿಸಿದರು.

ಹೆಂಗಸರು ಹೋ ಎಂದರು. ಗಿರಣಿಯಕ್ಕ ಕಟ್ಟೆಯ ಮೇಲೆ ಕೂತಳು. ಗೆದ್ದೆ ಎಂದು ನಂಬಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಆ ಗಳಿಗೆ ಮುಗಿಯುವ ಮೊದಲೇ ಗಿರಣಿಯೊಳಗೆ ಯಂತ್ರ ಸದ್ದು ಮಾಡಿತು.

"ಒಳಗೆ ಯಾರು?" ಎಂದಳು.

"ಗಿರಣಿಯವಳು," ಎಂದರು ಯಜಮಾನರು.

ಅವಳು ಬಗ್ಗಿ ನೋಡಿದಳು. ಕೆನ್ನೆ ಊದಿಸಿಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು, ಯಂತ್ರದ ಬಾಯಿಗೆ ಕಾಳು ಸುರಿಯುತ್ತಿದ್ದವಳು ಅಧ್ಯಕ್ಷೆ.

ಯಜಮಾನರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಲೋಕವೆಲ್ಲ ಅಧ್ಯಕ್ಷೆಯೆಂದು ನೋಡಿರುವುದು ಗಿರಣಿಯಕ್ಕನ ಮುಖವನ್ನು. ನಾಡಿದ್ದು ಬರುವವರಿಗೆ ಅದೇ ಮುಖ ಕಾಣಬೇಕು. ಬೇರೆ ಮುಖ ಕಂಡರೆ ಮೋಸ ಬಯಲಾಗುತ್ತದೆ. ಯಂತ್ರವೂ ಇಲ್ಲ, ಸಂಘವೂ ಇಲ್ಲ, ಕೋಣೆಯೂ ಇಲ್ಲ. ಆದ್ದರಿಂದ ಇಂದು ಸಂಜೆಯಿಂದ ಗಿರಣಿಯಕ್ಕನೇ ಅಧ್ಯಕ್ಷೆ. ಇದು ಸಂಘದ ಮಟ್ಟಿಗೆ ಮಾತ್ರ, ಮನೆಯ ಮಟ್ಟಿಗಲ್ಲ ಎಂದು, ಜನ ನಕ್ಕಾರೆಂಬ ಭಯದಿಂದ, ಸೇರಿಸಿದರು. ಇನ್ನು ಗಿರಣಿಗೆ ಯಾರಾದರೂ ಬೇಕಲ್ಲ. ಅದಕ್ಕೆ ತನ್ನ ಹೆಂಡತಿ.

"ಆಗಲ್ಲ. ನಾನು ಗಿರಣಿಯವಳು. ಎಲ್ಲರ ಮುಂದೆ ಹೇಳಿ ಬಂದಿದ್ದೀನಿ."

"ಹೇಳಿದೆ. ಯಾರಾದ್ರೂ ನಂಬಿದ್ರಾ?"

ಅವಳು ಹೆಂಗಸರ ಕಡೆ ತಿರುಗಿದಳು. ಇದಕ್ಕೆ ನೀವೂ ಒಪ್ಪಿದ್ದೀರಾ ಎಂದು ಕೇಳಿದಳು. ಒಬ್ಬೊಬ್ಬರೂ ಬುಟ್ಟಿಯೊಳಗಿನ ಕಾಳನ್ನು ನೋಡಿದರು. ಎದುರುಮನೆ ಚಿಕ್ಕಮ್ಮ ಹತ್ತಿರ ಬಂದು, ಚಪ್ಪಲಿಯನ್ನು ವಾಪಸ್ ಇಸಿದುಕೊಂಡು, ಪ್ರೀತಿಯಿಂದಲೇ ಬೆನ್ನು ಸವರಿದಳು. "ನಿನ್ನಷ್ಟು ದೊಡ್ಡ ಗಂಟಲು ಇನ್ಯಾರಿಗಿದೆ ಹೇಳು. ನೀನೇ ಇರು. ಗಿರಣಿ ಉಳಿಯೋದು ಮುಖ್ಯ ಅಲ್ವಾ?"

ಗಿರಣಿಯನ್ನು ಉಳಿಸಲು ಹೋಗಿ ತನ್ನನ್ನೇ ಅದರಿಂದ ಹೊರಗೆ ಹಾಕಿಸಿಕೊಂಡಂತಾಯಿತು. ಗಿರಣಿಯಕ್ಕ ಯಜಮಾನರನ್ನು ಮೇಲಿಂದ ಕೆಳಗೆ ನೋಡಿದಳು.

"ಆಯ್ತು. ಆದ್ರೆ ಬಾಯಿ ಮುಚ್ಚಿಕೊಂಡಿರೋ ಅಧ್ಯಕ್ಷೆ ಬೇಕಿದ್ರೆ ಈಗಲೇ ಬೇರೆಯವರನ್ನ ನೋಡ್ಕೊಳ್ಳಿ."

"ಯಾಕೆ ಮುಚ್ಚಬೇಕು? ಕೂಗು. ನನ್ನನ್ನೇ ಬೈದು ಕೂಗು," ಎಂದರು ಯಜಮಾನರು ಉದಾರವಾಗಿ. "ಈಗ ನೀನು ಎಷ್ಟು ಕೂಗಿದ್ರೆ ಅಷ್ಟು ಚಪ್ಪಾಳೆ."

ಜೀವಮಾನದಲ್ಲಿ ಅವಳ ಬಾಯಿ ಕಟ್ಟಿದ್ದು ಅದೇ ಮೊದಲು. ಕಾರ್ಯದರ್ಶಿ ಒಳಗಿನಿಂದ ಒಂದು ಕುರ್ಚಿ ತಂದು ಹಾಕಿ, ಅಧ್ಯಕ್ಷೆಯವರು ದಯವಿಟ್ಟು ಕೂರಬೇಕು ಎಂದಳು. ಅವಳು ಕೂರಲಿಲ್ಲ.

ಆಗ, ಬೆಳಗ್ಗೆ ಹಸು ಈಯುವುದರಲ್ಲಿದೆ ಎಂದು ಹೇಳಿದ್ದವಳು ಗಿರಣಿಯಿಂದ ಹೊರಗೆ ಬಂದಳು. ಬುಟ್ಟಿಯಿಂದ ಒಂದು ಹಿಡಿ ಹಿಟ್ಟು ತೆಗೆದು ಹೊಸ ಅಧ್ಯಕ್ಷೆಯ ಮೂಗಿನ ಕೆಳಗೆ ಹಿಡಿದಳು.

"ಅಧ್ಯಕ್ಷೆಯವರೇ, ಒಂದು ದೂರು ಕೊಡಬೇಕು. ಗಿರಣಿಯವಳು ಹಿಟ್ಟು ಬೀಸಿಲ್ಲ, ಕಾಳು ಒಡೆದಿದ್ದಾಳೆ. ಇದನ್ನ ಹಸುವೂ ತಿನ್ನಲ್ಲ."

ಗಿರಣಿಯಕ್ಕ ಹಿಟ್ಟನ್ನು ಎರಡು ಬೆರಳ ನಡುವೆ ಉಜ್ಜಿದಳು. ಮರಳು ಮರಳು. ಅವಳು ಶಾಲನ್ನು ಸೊಂಟಕ್ಕೆ ಬಿಗಿದು ಗಿರಣಿಯತ್ತ ನಡೆದಳು. ಯಜಮಾನರು ಅಡ್ಡ ಬಂದು, ಅಧ್ಯಕ್ಷೆಯಾದವಳು ಗಿರಣಿ ಮುಟ್ಟಿದರೆ ಹುದ್ದೆಯ ಗೌರವ ಏನಾದೀತು ಎಂದರು.

"ದೂರು ಬಂದಿದೆ. ವಿಚಾರಣೆ ಮಾಡ್ತಿದ್ದೀನಿ. ಪಕ್ಕಕ್ಕೆ ಸರೀರಿ."

ಒಳಗೆ ಹೋಗಿ ಯಂತ್ರದ ತಿರುಪು ಬಿಗಿ ಮಾಡಿದಳು. ಅರೆಬರೆ ಬೀಸಿದ್ದನ್ನು ಮತ್ತೆ ಸುರಿದಳು. ಹಳೆಯ ಅಧ್ಯಕ್ಷೆ ಬದಿಗೆ ಸರಿದು ಮೂಟೆಯ ಮೇಲೆ ಕೂತು, ಗೋಡೆಗೊರಗಿ, ಊಂ ಎಂದು ನಿಟ್ಟುಸಿರು ಬಿಟ್ಟಳು. ಒಂದಾದ ಮೇಲೆ ಒಂದರಂತೆ ಬುಟ್ಟಿಗಳು ಒಳಗೆ ಬಂದವು. ಗಿರಣಿಯಕ್ಕನ ಹುಬ್ಬು ಮತ್ತೆ ಬೆಳ್ಳಗಾಯಿತು. ಬೆಳಗ್ಗೆ ಮಾಡುತ್ತಿದ್ದ ಕೆಲಸವನ್ನೇ ಸಂಜೆಯೂ ಮಾಡುತ್ತಿದ್ದಳು. ಮೂಟೆಯ ಮೇಲೆ ನಿದ್ದೆ ಹೋಗಿದ್ದ ಹೊಸ ಗಿರಣಿಯವಳ ಕಾಲಿಗೆ ಎಡವದಂತೆ ನೋಡಿಕೊಳ್ಳುವುದೊಂದು ಹೊಸದಾಗಿ ಸೇರಿತ್ತು.

ಹೊರಗೆ ನಿಂತಿದ್ದ ಕಾರ್ಯದರ್ಶಿಯ ಹತ್ತಿರ ಆಗಲೇ ಎರಡನೆಯ ದೂರು ಬಂದಿತ್ತು. ಅದನ್ನು ಕೊಟ್ಟವಳು ಎದುರುಮನೆ ಚಿಕ್ಕಮ್ಮ.

"ಹೊಸ ಅಧ್ಯಕ್ಷೆ ಕೈಗೇ ಸಿಗ್ತಾ ಇಲ್ಲ ಕಣಮ್ಮ. ಯಾವಾಗ ನೋಡಿದ್ರೂ ಗಿರಣಿಯಲ್ಲೇ ಇರ್ತಾಳೆ."